ಹಳೇ ದರ್ಜಿಗೆ ಐದು ಪುಟ

ಈ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟವಳು ನಾನು, ಅಕ್ಕ. ಇದರಲ್ಲಿ ‘ಹಳೇ ದರ್ಜಿ’ ಎಂದು ಸಹಿ ಹಾಕಿ ತಂಗಿಗೆ ಬರೆದವಳೂ ನಾನೇ. ಬಾಬಿನ್ ಎಂದರೆ ಆ ತಂಗಿಯ ಅಡ್ಡಹೆಸರು. ಓದುತ್ತ ಓದುತ್ತ ನೀವೇ ಕಂಡುಹಿಡಿದು ಆಮೇಲೆ ನನ್ನನ್ನು ಬೈಯುವ ಬದಲು, ಈಗಲೇ ಬೈದು ಮುಗಿಸಿ ನಿಶ್ಚಿಂತೆಯಾಗಿ ಓದಿ.

ಜನವರಿ ೯

ಬಾಬಿನ್‌ಗೆ,

ನಿನ್ನ ಹೊಸವರ್ಷದ ಕಾರ್ಡು ಬಂತು. ‘ಅಕ್ಕ, ಶುಭಾಶಯ. ಆರೋಗ್ಯ ನೋಡಿಕೋ.’ ನಾಲ್ಕು ಪದ. ಎಣಿಸಿದೆ. ಐದನೆಯದಕ್ಕೆ ಶಾಯಿ ಸಾಲದೆ ಹೋಯಿತೇನೋ ಪಾಪ.

ಬಸ್ಸಿನಲ್ಲಿ ನನ್ನ ಪಕ್ಕ ಕೂರುವ ಟೀಚರಮ್ಮ ಒಬ್ಬರಿದ್ದಾರೆ. ನಿನ್ನೆ ಬ್ಯಾಗಿನಿಂದ ಒಂದು ಕಾಗದ ತೆಗೆದು, “ನೋಡ್ರೀ, ಹೊಲಿಗೆ ಮೆಷಿನ್ನಿನ ವೆಬ್‌ಸೈಟಿಗೆ ಏನೋ ಚೂರು ದುಡ್ಡು ಕಳಿಸಿದ್ದೆ. ಆಯಮ್ಮ ಕೈಯಾರೆ ಕಾಗದ ಬರೆದಿದಾಳೆ! ಈ ಕಾಲದಲ್ಲಿ ಯಾರ್ರೀ ಬರೀತಾರೆ?” ಅಂದರು. ಅಕ್ಷರ ಕಂಡ ಕೂಡಲೇ ನನ್ನ ಮುಖ ಸಣ್ಣದಾಯಿತು. ಎರಡು ಪುಟ. ಹಿಂದೆ ನೀನು ಬರೆದ ಚಿತ್ರ. ಅವರ ಮೆಷಿನ್ನಿನ ಪೆಡಲು ಇನ್ನೂ ಕಿರುಗುಟ್ಟುತ್ತದೆಯೇ ಎಂದು ವಿಚಾರಿಸಿದ್ದೀಯ. ಪೆಡಲು ತುಳಿದು ತುಳಿದು ಮೊಣಕಾಲು ನೋಯುತ್ತದೆಯೇ ಎಂದೂ ಕೇಳಿದ್ದೀಯ. ನನಗೂ ಎರಡು ಮೊಣಕಾಲು ಇವೆ ಕಣೇ, ನೆನಪಿದೆಯೋ ಇಲ್ಲವೋ.

ನೀನು ನನ್ನ ತಂಗಿ ಎಂದು ಅವರಿಗೆ ಹೇಳಲಿಲ್ಲ. “ಚೆನ್ನಾಗಿದೆ” ಅಂದು ಕಿಟಕಿಯ ಕಡೆ ತಿರುಗಿದೆ. ಹೊಟ್ಟೆ ಧಗಧಗ ಉರಿಯಿತು. ಮುಚ್ಚಿಡುವುದು ಯಾಕೆ?

ಆರು ವರ್ಷ ಇಬ್ಬರೂ ಸೇರಿ ನಡೆಸಿದ ವೆಬ್‌ಸೈಟು. ಅಪ್ಪ ಮನೆಮನೆಗೆ ಹೋಗಿ ಮೆಷಿನ್ ರಿಪೇರಿ ಮಾಡುತ್ತ ಬರೆದಿಟ್ಟ ನೋಟ್‌ಬುಕ್ಕು ಅದರ ಬಂಡವಾಳ. ಮಾತು ನನ್ನದು, ಚಿತ್ರ ನಿನ್ನದು. ಒಂದೇ ಒಂದು ಜಾಹೀರಾತಿಗಾಗಿ ನಿನ್ನ ಚಿತ್ರಗಳನ್ನೆಲ್ಲ ಕಿತ್ತುಕೊಂಡು ಎದ್ದು ಹೋದೆ. ನೀನು ಬರೆದ ಅಪ್ಪನ ಕೈಯ ಚಿತ್ರದ ಮೇಲೆ ‘ಹಳೇ ಮೆಷಿನ್ ಬಿಸಾಡಿ, ಹೊಸದು ಕೊಳ್ಳಿ’ ಎಂದು ಬಂದು ಕೂತದ್ದು ನನಗೇನು ಸಂತೋಷವಾಗಿತ್ತೇ? ಅದನ್ನು ಅಲ್ಲಿ ಕೂರಿಸಿದ್ದು ಜಾಹೀರಾತು ಕಂಪನಿಯ ಕಂಪ್ಯೂಟರು, ನಾನಲ್ಲ. ಎಷ್ಟು ಬಡಕೊಂಡರೂ ನೀನು ಕಿವಿಗೆ ಹಾಕಿಕೊಳ್ಳಲಿಲ್ಲ. ನಿನ್ನದೇ ವೆಬ್‌ಸೈಟು ಮಾಡಿಕೊಂಡು, ಜಾಹೀರಾತೇ ಬೇಡ, ಓದುವವರು ಮನಸ್ಸಿಟ್ಟು ಕೊಟ್ಟರೆ ಸಾಕು ಎಂದು ಬೋರ್ಡು ಹಾಕಿದೆ. ಎರಡು ವರ್ಷವಾಯಿತು. ತಟ್ಟೆ ಹಿಡಿದು ಕೂತಿರುವ ನಿನಗೆ ಜನ ಕಾಗದ ಬರೆಯುತ್ತಾರೆ, ಹರಸುತ್ತಾರೆ. ದುಡಿದು ತಿನ್ನುವ ನನಗೆ ಒಂದು ಥ್ಯಾಂಕ್ಸೂ ಇಲ್ಲ. ಈ ತಿಂಗಳಂತೂ ಜಾಹೀರಾತು ಒತ್ತುವವರೇ ಕಡಿಮೆಯಾಗಿದ್ದಾರೆ, ಒತ್ತಿದರೆ ತಾನೇ ನನಗೆ ಕಾಸು. ಅದು ಬಿಡು, ನಿನಗ್ಯಾಕೆ?

ಫೋನು ಮಾಡುತ್ತಿಲ್ಲ. ಜಗಳವಾದರೆ ಬಾಯಿ ಮುಚ್ಚಿ, ಬರೆದು ಕೊಡಿ ಎಂದು ಅಮ್ಮ ಮಾಡಿದ ಕಾನೂನನ್ನು ನಾನಾದರೂ ಪಾಲಿಸುತ್ತಿದ್ದೇನೆ.

ಇನ್ನೂ ಬದುಕಿರುವ,
ನಿನ್ನ ಅಕ್ಕ

ಜನವರಿ ೨೧

ಅಕ್ಕ,

ಕಾಗದ ಓದಿದೆ.

ತಟ್ಟೆ ಹಿಡಿದಿರುವುದು ನಿಜ. ಸಾವಿರ ಜನ ಓದಿದರೆ ನಾಲ್ಕು ಜನ ಕೊಡುತ್ತಾರೆ. ಆ ನಾಲ್ಕು ಜನಕ್ಕೆ ನಾನು ಕಾಣುತ್ತೇನೆ, ನನಗೆ ಅವರು ಕಾಣುತ್ತಾರೆ. ಅದಕ್ಕೇ ಬರೆಯುತ್ತೇನೆ. ನಿನ್ನ ಕಂಪನಿಗೆ ನೀನು ಕಾಣುತ್ತೀಯಾ?

ಮೊಣಕಾಲು ಹೇಗಿದೆ?

ತಂಗಿ

ಫೆಬ್ರವರಿ ೨

(ಇದನ್ನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಟೈಪು ಮಾಡಿದೆ. ಒಂದು ವರ್ಷದಿಂದ ನಾನು ಅಲ್ಲಿ ರಿಸೆಪ್ಷನ್ನಿನಲ್ಲಿ ಕೂರುತ್ತಿದ್ದೆ. ವಿಳಾಸವನ್ನೂ ಅಲ್ಲಿನದೇ ಕೊಟ್ಟೆ. ತಂಗಿಗೆ ಈ ಕೆಲಸದ ಸುದ್ದಿ ಗೊತ್ತಿರಲಿಲ್ಲ. ಜಾಹೀರಾತಿನಿಂದಲೇ ನನ್ನ ಮನೆ ನಡೆಯುತ್ತಿದೆ ಎಂದು ಅವಳು ನಂಬಿದ್ದಳು. ನಂಬಿಸಿದ್ದು ನಾನು.)

ಮಾನ್ಯರೇ,

ನಾನೊಬ್ಬ ನಿವೃತ್ತ ದರ್ಜಿ. ನಿಮ್ಮ ವೆಬ್‌ಸೈಟಿಗೆ ಸಣ್ಣದೊಂದು ದೇಣಿಗೆ ಕಳಿಸಿದ್ದೇನೆ. ಹೆಸರು ಬೇಡ, ‘ಹಳೇ ದರ್ಜಿ’ ಎಂದರೆ ಸಾಕು.

ನಿಮ್ಮ ಚಿತ್ರಗಳು ಬಹಳ ಚೆನ್ನಾಗಿವೆ. ಆದರೆ ಒಂದು ತಪ್ಪು ಕಂಡು ಸುಮ್ಮನಿರಲು ಆಗಲಿಲ್ಲ. ಕೆಳದಾರದ ಬಾಬಿನ್ ಕೂರುವ ಪುಟ್ಟ ಡಬ್ಬಿಯ ಪುಟದಲ್ಲಿ, ದಾರ ಸಡಿಲವಾದರೆ ಸ್ಕ್ರೂವನ್ನು ‘ಬಲಕ್ಕೆ ಚೆನ್ನಾಗಿ ತಿರುಗಿಸಿ’ ಎಂದಿದ್ದೀರಿ. ಚೆನ್ನಾಗಿ ತಿರುಗಿಸಿದವರ ಗತಿ ಏನಾಗಬೇಕು? ದಾರ ಪಟಪಟ ಹರಿಯುತ್ತದೆ. ಕಾಲು ಸುತ್ತು ಮಾತ್ರ ತಿರುಗಿಸಬೇಕು, ಹೊಲಿದು ನೋಡಬೇಕು, ಬೇಕಾದರೆ ಇನ್ನೊಮ್ಮೆ.

ಒಟ್ಟಿನಲ್ಲಿ ನಿಮ್ಮ ಚಿತ್ರದ ಮುಂದೆ ಮಾತು ಸೊರಗಿದೆ. ಮೊದಲು ಬೇರೆ ಯಾರಾದರೂ ಬರೆಯುತ್ತಿದ್ದರೇ? ಸುಮ್ಮನೆ ಕೇಳಿದೆ.

ಇತಿ,
ಹಳೇ ದರ್ಜಿ

ಫೆಬ್ರವರಿ ೧೬

ಹಿರಿಯರಿಗೆ ನಮಸ್ಕಾರ.

ನಿಮ್ಮ ದೇಣಿಗೆ ಬಂತು, ಅದಕ್ಕಿಂತ ದೊಡ್ಡದಾಗಿ ನಿಮ್ಮ ಬೈಗುಳವೂ ಬಂತು. ಎರಡಕ್ಕೂ ಋಣಿ. ಪುಟ ತಿದ್ದಿದ್ದೇನೆ. “ಕಾಲು ಸುತ್ತು. ಅದಕ್ಕಿಂತ ಹೆಚ್ಚು ತಿರುಗಿಸಿದ್ರೆ ಅದು ರಿಪೇರಿ ಅಲ್ಲ, ಅಹಂಕಾರ” ಅಂತ ನಮ್ಮಪ್ಪನೂ ಹೇಳುತ್ತಿದ್ದರಂತೆ. ಅಂತೆ ಎಂದು ಯಾಕೆ ಬರೆದೆ ಎಂದರೆ, ನಾನು ಕೇಳಿದ್ದಲ್ಲ. ಅಕ್ಕ ಕೇಳಿದ್ದು.

ನೀವು ಸರಿಯಾಗಿ ಮೂಸಿ ಹಿಡಿದಿದ್ದೀರಿ. ಮಾತು ಬರೆಯುತ್ತಿದ್ದವಳು ನನ್ನ ಅಕ್ಕ. ಸೂಜಿ ಮುರಿಯುವುದರ ಬಗ್ಗೆ ಅವಳು ಒಂದು ಪುಟ ಬರೆದಿದ್ದಳು. ಓದಿದವರೊಬ್ಬರು, ಸೂಜಿ ಮುರಿದಾಗಲೆಲ್ಲ ಈಗ ನಗು ಬರುತ್ತದೆ ಎಂದು ಬರೆದಿದ್ದರು. ನಾನು ಒಂದು ಸಾಲು ಬರೆಯಲು ಮೂರು ಸಲ ಎದ್ದು ನೀರು ಕುಡಿಯುತ್ತೇನೆ. ಅವಳು ಕೂತರೆ ಎದ್ದೇಳುವಷ್ಟರಲ್ಲಿ ಪುಟ ಮುಗಿದಿರುತ್ತಿತ್ತು, ಜೊತೆಗೆ ಯಾರನ್ನೋ ಬೈದೂ ಮುಗಿದಿರುತ್ತಿತ್ತು.

ಇದನ್ನೆಲ್ಲ ಅವಳಿಗೆ ಹೇಳಿಲ್ಲ. ಹೇಳಿದರೆ ತಲೆಯ ಮೇಲೆ ಹತ್ತಿ ಕೂರುತ್ತಾಳೆ.

ದೇಣಿಗೆಯಲ್ಲಿ ನಡೆಸುವುದು ಸುಲಭ ಎಂದು ಅವಳ ಎಣಿಕೆ. ಹೋದ ತಿಂಗಳು ಒಬ್ಬ ಮಹಾಶಯರು ಕೊಟ್ಟ ಮರುದಿನವೇ, ತಮ್ಮ ಮೆಷಿನ್ನಿನ ಚಿತ್ರವನ್ನೇ ಮೊದಲು ಬಿಡಿಸಬೇಕೆಂದು ಹಟ ಹಿಡಿದರು. ಇನ್ನೊಬ್ಬರು ನನ್ನ ಬಣ್ಣಗಳು ಮಂಕು ಎಂದರು. ಎಲ್ಲರಿಗೂ ಹಲ್ಲು ಕಿರಿಯಬೇಕು. ನೀವು ಮಾತ್ರ ಕೊಟ್ಟು ಏನೂ ಕೇಳದೆ ನನ್ನ ತಪ್ಪು ತಿದ್ದಿದಿರಿ. ಪರಿಚಯವಿಲ್ಲ, ರಕ್ತಸಂಬಂಧವಿಲ್ಲ, ಆದರೂ ನನ್ನ ಕೆಲಸವನ್ನು ಇಷ್ಟು ಕಣ್ಣಿಟ್ಟು ನೋಡಿದ್ದೀರಲ್ಲ. ಆ ಕಾಗದವನ್ನು ಮೇಜಿನ ಎದುರು ಗೋಡೆಗೆ ಅಂಟಿಸಿಕೊಂಡಿದ್ದೇನೆ.

ಮೂರನೇ ಪುಟಕ್ಕೆ ಬಂದೆ, ಕ್ಷಮಿಸಿ. ನಿಮ್ಮ ಕಣ್ಣು ಹೇಗಿದೆ? ಸೂಜಿಗೆ ದಾರ ಪೋಣಿಸಲು ಆಗುತ್ತದೆಯೇ?

ವಂದನೆಗಳೊಂದಿಗೆ,
ಚಿತ್ರ ಬರೆಯುವವಳು

ಮಾರ್ಚ್ ೧೨

ಬಾಬಿನ್‌ಗೆ,

ಒಂದು ಶುಭ ಸಮಾಚಾರ. ನಿನಗೆ ಹೇಳದೆ ಯಾರಿಗೆ ಹೇಳಲಿ? ಜನವರಿ ಕೊನೆಯಿಂದ ನನ್ನ ವೆಬ್‌ಸೈಟಿನ ಜಾಹೀರಾತುಗಳನ್ನು ಒತ್ತುವವರು ಎರಡರಷ್ಟಾಗಿದ್ದಾರೆ! ನನ್ನವರು ಕಾಗದ ಬರೆಯುವುದಿಲ್ಲ, ನಿಜ. ಆದರೆ ಬರುತ್ತಾರೆ.

ಅದರಲ್ಲೂ ಒಬ್ಬರಿದ್ದಾರೆ, ವೆಬ್‌ಸೈಟಿಗೆ ಬಂದವರ ಲೆಕ್ಕದಲ್ಲಿ ಕಾಣುತ್ತದೆ. ಬೆಳಗ್ಗೆ ಏಳರಿಂದ ಏಳೂವರೆ. ಪ್ರತಿದಿನ, ಭಾನುವಾರವೂ ತಪ್ಪದೆ. ಒಂದೊಂದೇ ಪುಟ ತೆರೆಯುತ್ತಾರೆ, ನಿಧಾನವಾಗಿ, ಕೊನೆಯವರೆಗೂ. ಯಾರೋ ಹೆಂಗಸು ಇರಬೇಕು, ಮನೆಯವರೆಲ್ಲ ಏಳುವ ಮೊದಲು ಟೀ ಹಿಡಿದುಕೊಂಡು ನನ್ನನ್ನು ಓದುತ್ತಾಳೆ ಎಂದು ನಾನು ಅಂದುಕೊಂಡಿದ್ದೇನೆ. ನಾನೂ ಈಗ ಏಳಕ್ಕೆ ಎದ್ದು ಕಂಪ್ಯೂಟರ್ ಮುಂದೆ ಕೂರುತ್ತೇನೆ. ಎಣಿಕೆ ಒಂದು ಏರಿತು ಎಂದರೆ ಅವಳು ಬಂದಳು ಎಂದರ್ಥ. ನಗಬೇಡ.

ನಿನ್ನ ದಾನಿಗಳು ಚಪ್ಪಾಳೆ ತಟ್ಟುವುದಕ್ಕೆ ಕೊಡುತ್ತಾರೆ, ನನ್ನವಳು ಓದುವುದಕ್ಕೆ ಬರುತ್ತಾಳೆ. ಯಾವುದು ದೊಡ್ಡದು, ನೀನೇ ಹೇಳು.

ನಿನ್ನ ಬಾಬಿನ್ ಡಬ್ಬಿಯ ಪುಟ ನೋಡಿದೆ. ಅಂತೂ ‘ಕಾಲು ಸುತ್ತು’ ಎಂದು ತಿದ್ದಿದೆಯಲ್ಲ. ಯಾರು ಹೇಳಿಕೊಟ್ಟರೋ!

ಅಕ್ಕ

ಮಾರ್ಚ್ ೨೦

ಅಕ್ಕ,

ತುಂಬ ಸಂತೋಷ. ಅವರು ಹಾಗೆಯೇ ಬರುತ್ತಿರಲಿ.

ಯಾರೋ ಪುಣ್ಯಾತ್ಮರು ತಿದ್ದಿದರು.

ತಂಗಿ

ಏಪ್ರಿಲ್ ೪

ಚಿತ್ರ ಬರೆಯುವವರಿಗೆ,

ನಿಮ್ಮ ಮೂರು ಪುಟ ತಲುಪಿ ಬಹಳ ದಿನವಾಯಿತು. ಕೊಡುವವರಿಗೆಲ್ಲ ಮೂರು ಪುಟ ಬರೆಯುತ್ತೀರೋ, ಇಲ್ಲ ನನಗೊಬ್ಬನಿಗೇ? ಟೀಚರುಗಳಿಗೆಲ್ಲ ಎರಡೇ ಪುಟ ಎಂದು ಕೇಳಿದ್ದೇನೆ.

ನಿಮ್ಮ ಅಕ್ಕನನ್ನು ಅಷ್ಟು ಹೊಗಳುತ್ತೀರಿ. ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಅವಳನ್ನು ಕಂಡರೆ ನಿಮಗೆ ಯಾವತ್ತೂ ಹೊಟ್ಟೆಕಿಚ್ಚಾಗಿಲ್ಲವೇ? ಅವಳಿಗಂತೂ ನಿಮ್ಮ ಮೇಲೆ ಆಗಿರಬೇಕು. ನನಗೆ ಹಾಗನ್ನಿಸುತ್ತದೆ.

ಕಣ್ಣು ಪರವಾಗಿಲ್ಲ. ಮೊಣಕಾಲೇ ತೊಂದರೆ.

ಹಳೇ ದರ್ಜಿ

ಏಪ್ರಿಲ್ ೨೮

ಏನೇ,

ಬಾಬಿನ್ ಎಂದು ಕರೆಯಲು ಬಾಯಿ ಬರುತ್ತಿಲ್ಲ.

ಜಾಹೀರಾತು ಕಂಪನಿ ನನ್ನ ಖಾತೆ ಮುಚ್ಚಿದೆ. ಒಂದೇ ಕಡೆಯಿಂದ, ದಿನಾ ಒಂದೇ ಹೊತ್ತಿಗೆ, ಯಾರೋ ಇದ್ದಬದ್ದ ಜಾಹೀರಾತುಗಳನ್ನೆಲ್ಲ ಒತ್ತಿದ್ದಾರಂತೆ. ನಾನೇ ಜನ ಇಟ್ಟು ಒತ್ತಿಸಿದ್ದೇನೆ ಎಂದು ಅವರ ತೀರ್ಮಾನ. ಕಳ್ಳಿ ಎಂದು ಬರೆದಿಲ್ಲ, ಅಷ್ಟೇ. ಇನ್ನು ಯಾವತ್ತೂ ನನಗೆ ಜಾಹೀರಾತು ಸಿಗುವುದಿಲ್ಲ. ಕಾಲಿಗೆ ಬಿದ್ದಂತೆ ಮೂರು ಸಲ ಮೇಲ್ ಬರೆದೆ. ಮೂರಕ್ಕೂ ಅಕ್ಷರ ಬದಲಾಗದ ಅದೇ ಉತ್ತರ. ನೀನು ಕೇಳಿದ್ದೆಯಲ್ಲ, ಕಂಪನಿಗೆ ನೀನು ಕಾಣುತ್ತೀಯಾ ಎಂದು. ಇಲ್ಲ, ಕಾಣುವುದಿಲ್ಲ. ಖುಷಿಯೇ?

ಏಳರಿಂದ ಏಳೂವರೆ. ನನ್ನ ಟೀ ಕುಡಿಯುವ ಹೆಂಗಸು. ಅವಳು ಇರಲೇ ಇಲ್ಲ!

ಈ ಹೊತ್ತಿನ ವಿಷಯ ನಾನು ಹೇಳಿದ್ದು ನಿನಗೊಬ್ಬಳಿಗೆ. ಜಾಹೀರಾತು ಎಂದರೆ ಮೈಯೆಲ್ಲ ಉರಿಯುವುದೂ ನಿನಗೊಬ್ಬಳಿಗೆ. ಅಪ್ಪನ ಕೈಯ ಮೇಲೆ ಬಂದ ಒಂದು ಜಾಹೀರಾತಿಗೆ ಎರಡು ವರ್ಷ ಕಾದು ಸೇಡು ತೀರಿಸಿಕೊಂಡೆಯಾ? ನನ್ನ ಹೊಟ್ಟೆಗೆ ಹೊಡೆದೆಯಾ? ನೀನು ಮಾಡಿಲ್ಲ ಎಂದು ಅಪ್ಪನ ಮೇಲೆ ಆಣೆ ಇಟ್ಟು ಬರೆ. ಬರೆಯಲಾಗದಿದ್ದರೆ ಇನ್ನು ಕಾರ್ಡೂ ಬೇಡ, ನಾಲ್ಕು ಪದವೂ ಬೇಡ.

ಅಕ್ಕ

ಮೇ ೬

(ಮನೆಯ ವಿಳಾಸಕ್ಕೆ ಬಂದದ್ದು.)

ಅಕ್ಕ,

ಆಣೆ ಇಡಲಾರೆ. ಏಳರಿಂದ ಏಳೂವರೆ, ನಾನೇ.

ತಂಗಿ

ಮೇ ೬

(ಅದೇ ದಿನ ಬರೆದದ್ದು, ಕ್ಲಿನಿಕ್ಕಿನ ವಿಳಾಸಕ್ಕೆ ಬಂತು. ಐದು ಪುಟ. ಹಲ್ಲು ಕೀಳಿಸಿಕೊಳ್ಳಲು ಕೂತಿದ್ದವರ ಎದುರಿಗೇ ಓದಿದೆ. ನನ್ನ ಮುಖ ನೋಡಿ ಒಬ್ಬರು, “ತುಂಬಾ ನೋಯುತ್ತಾ ಮೇಡಂ?” ಎಂದು ಕೇಳಿದರು.)

ಹಿರಿಯರಿಗೆ,

ಇವತ್ತು ಬೇರೆ ಯಾರ ಹತ್ತಿರವೂ ಹೇಳಿಕೊಳ್ಳಲು ಆಗದೆ ನಿಮಗೆ ಬರೆಯುತ್ತಿದ್ದೇನೆ. ನೀವು ನನ್ನನ್ನು ಕಂಡಿಲ್ಲ, ನಮ್ಮ ಮನೆಯವರನ್ನೂ ಕಂಡಿಲ್ಲ. ಅದೇ ಒಂದು ಧೈರ್ಯ.

ನಾನು ಅಕ್ಕನ ಅನ್ನ ಕಿತ್ತುಕೊಂಡುಬಿಟ್ಟೆ.

ಜನವರಿಯಲ್ಲಿ ಅವಳು ಜಗಳದ ಕಾಗದ ಬರೆದಿದ್ದಳು. ಅದರ ಮಧ್ಯೆ ಒಂದು ಸಾಲು: ಈ ತಿಂಗಳು ಜಾಹೀರಾತು ಒತ್ತುವವರು ಕಡಿಮೆ, ನಿನಗ್ಯಾಕೆ ಬಿಡು ಎಂದು. ಅವಳು ಬಿಡು ಎಂದರೆ ಹಿಡಿದುಕೋ ಎಂದರ್ಥ, ಚಿಕ್ಕಂದಿನಿಂದ ನೋಡಿದ್ದೇನೆ. ದೇಣಿಗೆ ಕಳಿಸೋಣ ಎಂದರೆ ಅವಳ ವೆಬ್‌ಸೈಟಿನಲ್ಲಿ ಅದಕ್ಕೆ ದಾರಿಯೇ ಇಲ್ಲ. ಕೈಗೆ ಕೊಟ್ಟರೆ ಮುಖಕ್ಕೆ ಎಸೆಯುತ್ತಾಳೆ. ಅದಕ್ಕೆ ಬೆಳಗ್ಗೆ ಟೀ ಮಾಡಿಕೊಂಡು ಅವಳ ಪುಟ ತೆರೆದು, ಕಂಡ ಕಂಡ ಜಾಹೀರಾತನ್ನೆಲ್ಲ ಒತ್ತತೊಡಗಿದೆ. ಕೂದಲೆಣ್ಣೆ, ಸೋಫಾ, ತೂಕ ಇಳಿಸುವ ಪುಡಿ, ಏನು ಬಂದರೂ ಸರಿ. ಜಾಹೀರಾತಿನ ಮೇಲೆ ಭಾಷಣ ಬಿಗಿದು ಮನೆಯಿಂದ ಎದ್ದು ಬಂದವಳು ನಾನು! ಆದರೂ ಒತ್ತಿದೆ. ಒಂದು ಒತ್ತಿದರೆ ಅವಳ ತಟ್ಟೆಗೆ ಒಂದು ಅಗಳು ಎಂದುಕೊಂಡೆ. ಅದು ಕಳ್ಳತನದ ಲೆಕ್ಕಕ್ಕೆ ಬರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ನಾವು ಜಗಳವಾಡಿದ್ದೇ ಜಾಹೀರಾತಿನ ಮೇಲೆ, ಅದರ ನಿಯಮವನ್ನು ಮಾತ್ರ ನಾನು ಯಾವತ್ತೂ ಓದಿರಲಿಲ್ಲ.

ಇನ್ನೊಂದು ಹೇಳುತ್ತೇನೆ. ಮೊದಮೊದಲು ಬರೀ ಒತ್ತಿ ಮುಚ್ಚುತ್ತಿದ್ದೆ. ಆಮೇಲೆ ಓದತೊಡಗಿದೆ. ಅವಳು ಈಗ ಒಂದೇ ಪುಟವನ್ನು ಏಳು ತುಂಡು ಮಾಡಿ ಹಾಕುತ್ತಾಳೆ, ತುಂಡಿಗೊಂದು ಜಾಹೀರಾತು ಕೂರಲಿ ಎಂದು. ಮೇಲೆ ‘ಈ ತಪ್ಪು ಮಾಡಿದರೆ ನಿಮ್ಮ ಮೆಷಿನ್ ಮಟಾಷ್!’ ಎಂಬ ತಲೆಬರಹ. ಬೇಜಾರಾಗುತ್ತದೆ. ಆದರೆ ಐದನೆಯದೋ ಆರನೆಯದೋ ತುಂಡಿನಲ್ಲಿ ಇದ್ದಕ್ಕಿದ್ದಂತೆ ಅವಳೇ ಸಿಕ್ಕಿಬಿಡುತ್ತಾಳೆ. ಆ ಎರಡು ಸಾಲಿಗಾಗಿ ನಾನು ಭಾನುವಾರವೂ ಎದ್ದೆ.

ಅದನ್ನು ಅವಳು, ಯಾರೋ ಟೀ ಕುಡಿಯುವ ಹೆಂಗಸು ನನ್ನನ್ನು ಓದುತ್ತಾಳೆ ಎಂದು ತಿಳಿದು ಹಿಗ್ಗಿಹೋದಳು. ನಿಲ್ಲಿಸಬೇಕಿತ್ತು. ಅವಳ ಹಿಗ್ಗು ನೋಡಿ ನಿಲ್ಲಿಸಲು ಮನಸ್ಸಾಗಲಿಲ್ಲ.

ಈಗ ಸೇಡು ಎನ್ನುತ್ತಾಳೆ. ಅಲ್ಲ ಎಂದು ಬರೆಯಲು ಹತ್ತು ಸಲ ಕೂತೆ. ‘ಅಕ್ಕ, ನಿನ್ನ ಮೇಲಿನ ಪ್ರೀತಿಗೆ ಒತ್ತಿದೆ’ ಎಂದು ಬರೆದು ನೋಡಿದೆ, ನನಗೇ ನಾಚಿಕೆಯಾಯಿತು. ನಮ್ಮ ಮನೆಯಲ್ಲಿ ಹಾಗೆಲ್ಲ ಮಾತಾಡಿ ಅಭ್ಯಾಸವಿಲ್ಲ. ನಾನೇ ಮಾಡಿದ್ದು ಎಂದು ಒಂದು ಸಾಲು ಬರೆದು ಇದರ ಜೊತೆಗೇ ಅಂಚೆಗೆ ಹಾಕುತ್ತಿದ್ದೇನೆ. ಬೈದುಕೊಳ್ಳಲಿ.

ನನ್ನ ವೆಬ್‌ಸೈಟೂ ಬಹುಶಃ ಆಗಸ್ಟ್ ದಾಟುವುದಿಲ್ಲ. ‘ಮುಚ್ಚಿಹೋಗುತ್ತದೆ, ಕಾಪಾಡಿ’ ಎಂದು ಕೂಗಿದ ವಾರ ಜನ ಕೊಡುತ್ತಾರೆ, ಕೂಗು ನಿಂತ ಕೂಡಲೇ ಅದೂ ನಿಲ್ಲುತ್ತದೆ. ತಿಂಗಳಿಗೊಮ್ಮೆ ಸಾಯುವ ನಾಟಕ ಮಾಡಿ ಬದುಕಲು ನನ್ನಿಂದ ಆಗದು. ನಿಮ್ಮಂಥವರು ಇನ್ನೂ ಹತ್ತು ಜನ ಇದ್ದಿದ್ದರೆ ಬೇರೆ ಮಾತು. ನೀವು ಒಬ್ಬರೇ ಇದ್ದೀರಿ. ಆದರೂ ಎದುರಿನ ಗೋಡೆಯ ಮೇಲೆ ನಿಮ್ಮ ಕಾಗದ ಇರುವವರೆಗೆ ಬರೆಯೋಣ ಎನ್ನಿಸುತ್ತದೆ.

ಹೊಟ್ಟೆಕಿಚ್ಚಿನ ಬಗ್ಗೆ ಕೇಳಿದ್ದಿರಿ. ಅದಕ್ಕೆ ಉತ್ತರವಿದೆ. ಇವತ್ತಿಗೆ ಐದು ಪುಟವಾಯಿತು, ಇನ್ನೊಮ್ಮೆ ಬರೆಯುತ್ತೇನೆ.

ನಿಮ್ಮ,
ಚಿತ್ರ ಬರೆಯುವವಳು

ಮೇ ೩೦

ಬಾಬಿನ್,

ಈ ಕಾಗದವನ್ನು ಮೂರು ವಾರದಿಂದ ಬರೆಯುತ್ತಿದ್ದೇನೆ. ಬರೆಯದೇ ಇದ್ದುಬಿಟ್ಟರೆ ನಿನಗೆ ಏನೂ ಗೊತ್ತಾಗುವುದಿಲ್ಲ. ನನಗೆ ತಿಂಗಳಿಗೊಂದು ಕಾಗದ ಬರುತ್ತಿರುತ್ತದೆ, ಮೂರು ಪುಟ, ಐದು ಪುಟ, ಬಾಯ್ತುಂಬ ಮಾತು. ಹಾಗೇ ಇದ್ದುಬಿಡೋಣ ಎಂದು ಎಷ್ಟು ಆಸೆಯಾಯಿತು ಗೊತ್ತಾ?

ಹಳೇ ದರ್ಜಿ ನಾನೇ ಕಣೇ.

ಬೈಯುವ ಮೊದಲು ಪೂರ್ತಿ ಓದು. ಆ ಟೀಚರಮ್ಮನ ಎರಡು ಪುಟ ನೋಡಿದಾಗಿನಿಂದ ನನಗೆ ಸಮಾಧಾನವೇ ಇರಲಿಲ್ಲ. ಕಂಡವರಿಗೆಲ್ಲ ಬರೆಯುತ್ತಾಳೆ, ನನಗೆ ನಾಲ್ಕು ಪದ. ನಿನ್ನ ಕಾಗದ ಬೇಕೆಂದರೆ ದೇಣಿಗೆ ಕೊಡಬೇಕು ಎಂದಾದರೆ ಕೊಟ್ಟೇಬಿಡೋಣ ಎಂದುಕೊಂಡೆ. ನಿನ್ನ ವೆಬ್‌ಸೈಟು ಉಳಿಯಲಿ ಎಂದು ಕೊಟ್ಟದ್ದಲ್ಲ. ಅದು ಮುಳುಗಿದರೆ ನೀನು ನನ್ನ ಹತ್ತಿರ ಬರುತ್ತೀಯ ಎಂಬ ಕೆಟ್ಟ ಆಸೆಯೂ ಒಳಗೆ ಇತ್ತು. ಹೇಳಲು ಕೂತ ಮೇಲೆ ಅದೊಂದನ್ನು ಯಾಕೆ ಉಳಿಸಿಕೊಳ್ಳಲಿ?

ಕಾಗದ ಬಂತು. ಅದರ ತುಂಬ ನನ್ನದೇ ಹೊಗಳಿಕೆ. ಹಿಗ್ಗಬೇಕಿತ್ತು ತಾನೇ? ನನಗೆ ಇನ್ನಷ್ಟು ಉರಿಯಿತು. ನನಗೆ ಹೇಳಬೇಕಾದ್ದನ್ನೆಲ್ಲ ಯಾವನೋ ಮುದುಕನಿಗೆ ಹೇಳುತ್ತಾಳಲ್ಲ ಎಂದು. ಆ ಮುದುಕ ನಾನೇ ಎಂದು ಗೊತ್ತಿದ್ದೂ ಅವನ ಮೇಲೆ ಹೊಟ್ಟೆಕಿಚ್ಚು. ಇಂಥ ಹುಚ್ಚು ಯಾರಿಗಾದರೂ ಹಿಡಿದದ್ದು ಕೇಳಿದ್ದೀಯಾ?

ಇನ್ನೊಂದು ಸುಳ್ಳೂ ಇದೆ. ನೀನು ನನ್ನ ಅನ್ನ ಕಿತ್ತುಕೊಂಡಿಲ್ಲ. ಜಾಹೀರಾತಿನ ಅನ್ನ ಎಂದೋ ಆರಿಹೋಗಿತ್ತು. ನಾನು ಹಲ್ಲಿನ ಡಾಕ್ಟರ ಹತ್ತಿರ ರಿಸೆಪ್ಷನ್ನಿನಲ್ಲಿ ಕೂತು, “ಬಾಯಿ ತೊಳ್ಕೊಂಡು ಒಳಗೆ ಹೋಗಿ” ಎನ್ನುತ್ತಿದ್ದೇನೆ. ನಿನ್ನೆದುರು ಸೋತಂತೆ ಆಗಬಾರದು ಎಂದು ಹೇಳಿರಲಿಲ್ಲ. ಹೊಟ್ಟೆಗೆ ಹೊಡೆದೆ ಎಂದು ಬರೆದೆನಲ್ಲ, ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಸೇಡು ಎಂದದ್ದನ್ನೂ.

ಕಾಲು ಸುತ್ತು ತಿರುಗಿಸಬೇಕಾದಲ್ಲಿ ನಾನು ಯಾವತ್ತೂ ಪೂರ್ತಿ ಸುತ್ತು ತಿರುಗಿಸಿದವಳು. ದಾರ ಹರಿದಿದ್ದರೆ ಹೇಳಿಬಿಡು.

ಅಕ್ಕ

ಜುಲೈ ೧೨

ಅಕ್ಕ,

ಆರು ವಾರ ಸಿಟ್ಟಿನಲ್ಲಿದ್ದೆ. ಇನ್ನೂ ಪೂರ್ತಿ ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

ನೀನು ಓದಬಾರದ್ದನ್ನು ಓದಿದೆ ಎಂದು ಸಿಟ್ಟಲ್ಲ. ನನ್ನ ಹಳೇ ದರ್ಜಿಯನ್ನು ನೀನು ಕೊಂದೆ. ಮನೆಯವರಲ್ಲದ ಒಬ್ಬರು, ನನ್ನ ಮುಖ ನೋಡದ ಒಬ್ಬರು, ಬರೀ ಕೆಲಸ ನೋಡಿ ನನ್ನನ್ನು ಮೆಚ್ಚಿದ್ದಾರೆ ಎಂದು ಎಷ್ಟು ಹೆಮ್ಮೆಪಟ್ಟಿದ್ದೆ. ನೀನು ನಿನ್ನ ಟೀ ಕುಡಿಯುವ ಹೆಂಗಸಿಗಾಗಿ ಅತ್ತಿರಬೇಕು. ನಾನೂ ನನ್ನ ಮುದುಕನಿಗಾಗಿ ಅತ್ತೆ. ಗೋಡೆಯಿಂದ ಆ ಕಾಗದ ಕಿತ್ತೆ. ನಾಲ್ಕು ದಿನ ಬಿಟ್ಟು ಮತ್ತೆ ಅಂಟಿಸಿದೆ. ಗೋಡೆ ಬೋಳು ಬೋಳು ಕಂಡಿತು, ಅದಕ್ಕೆ.

ಈಗ ದರ್ಜಿಗೆ ಬಾಕಿ ಇಟ್ಟಿದ್ದ ಉತ್ತರ. ಹೊಟ್ಟೆಕಿಚ್ಚಾಗಿಲ್ಲವೇ ಎಂದು ಕೇಳಿದ್ದೆಯಲ್ಲ.

ಅಪ್ಪ ರಿಪೇರಿಗೆ ಹೋಗುವಾಗ ಬ್ಯಾಗು ಹಿಡಿಯಲು ನಿನ್ನನ್ನು ಕರೆದುಕೊಂಡು ಹೋಗುತ್ತಿದ್ದ. ನಾನು ಬಾಗಿಲಲ್ಲಿ ನಿಂತು ಹಟ ಮಾಡಿದರೆ, “ನೀನು ಚಿಕ್ಕೋಳು, ಬಿಸಿಲು” ಎನ್ನುತ್ತಿದ್ದ. ನಾನು ದೊಡ್ಡವಳಾಗುವಷ್ಟರಲ್ಲಿ ಅವನು ಹೋಗುವುದನ್ನೇ ಬಿಟ್ಟಿದ್ದ. ಕೆಲಸ ಮಾಡುವಾಗ ಅವನು ಏನು ಗೊಣಗುತ್ತಿದ್ದ, ಗಿರಾಕಿಗಳಿಗೆ ಏನು ತಮಾಷೆ ಮಾಡುತ್ತಿದ್ದ, ನನಗೆ ಒಂದೂ ಗೊತ್ತಿಲ್ಲ. ನೀನು ಬರೆದದ್ದನ್ನು ಓದಿಯೇ ಗೊತ್ತು. ನಿನ್ನ ಮಾತಿನೊಳಗೆ ಅಪ್ಪ ಇಡೀ ಇದ್ದ. ನನ್ನ ಹತ್ತಿರ ಅವನ ಕೈ ಮಾತ್ರ ಇತ್ತು, ಮನೆಯಲ್ಲಿ ಊಟಕ್ಕೆ ಕೂತಾಗ ನೋಡಿ ನೋಡಿ ಕಲಿತ ಕೈ.

ನಾವು ಜೊತೆಗಿದ್ದಾಗ ಓದುಗರೆಲ್ಲ ಹೊಗಳುತ್ತಿದ್ದದ್ದು ನಿನ್ನ ಮಾತನ್ನು. ಚಿತ್ರಕ್ಕೆ ‘ಚಿತ್ರಗಳೂ ಚೆನ್ನಾಗಿವೆ’ ಎಂದು ಕೊನೆಯಲ್ಲಿ ಒಂದು ಸಾಲು. ಆ ‘ಊ’ ನನಗೆ ಆರು ವರ್ಷ ಚುಚ್ಚಿತು. ಆ ಜಾಹೀರಾತು ಬಂದ ದಿನ ನಾನು ಅಷ್ಟು ಕೂಗಾಡಿದೆನಲ್ಲ, ಅದರಲ್ಲಿ ಅಪ್ಪನ ಕೈಗಾಗಿ ಕೂಗಿದ್ದು ಅರ್ಧ. ಉಳಿದ ಅರ್ಧ, ಹೊರಟುಹೋಗಲು ಒಂದು ನೆಪ ಸಿಕ್ಕಿತು ಎಂದು. ಚಿತ್ರ ಇಲ್ಲದೆ ನಿನ್ನ ಮಾತು ಹೇಗೆ ನಡೆಯುತ್ತದೋ ನೋಡೋಣ ಎಂದು. ಇದನ್ನು ಎರಡು ವರ್ಷ ಆದರ್ಶ ಎಂದು ಕರೆದುಕೊಂಡೆ. ಜಾಹೀರಾತು ಇಲ್ಲದ ಶುದ್ಧ ವೆಬ್‌ಸೈಟು ನನ್ನದು! ಅದರ ಬುಡದಲ್ಲಿ ಇದ್ದದ್ದು ಇಷ್ಟೇ.

ಇನ್ನು ಮುಂದಿನ ಮಾತು. ನಿನ್ನ ವೆಬ್‌ಸೈಟಿನಲ್ಲಿ ಈಗ ಜಾಹೀರಾತು ಇಲ್ಲ. ಬೇಡ ಎಂದು ಬಿಟ್ಟದ್ದಲ್ಲ, ಆದರೂ ಇಲ್ಲ. ಪುಟಗಳು ಬಟ್ಟೆ ಒಗೆದು ಹರವಿದ ಹಾಗೆ ಕಾಣುತ್ತವೆ. ಆ ಏಳು ತುಂಡುಗಳನ್ನು ಮತ್ತೆ ಒಂದು ಮಾಡು. ನನ್ನ ಚಿತ್ರಗಳಿಗೆ ಅಲ್ಲಿ ಜಾಗ ಇದೆಯೇ? ಇದ್ದರೆ ಕಳಿಸುತ್ತೇನೆ. ಎರಡು ವೆಬ್‌ಸೈಟಿಗೆ ಎರಡು ಬಾಡಿಗೆ ಕಟ್ಟುವ ಬದಲು ಒಂದು ಕಟ್ಟಿದರೆ ಆಗಸ್ಟ್ ದಾಟಬಹುದು. ಅದರಾಚೆ ಗೊತ್ತಿಲ್ಲ, ದೇಣಿಗೆಯ ಮೇಲೆ ಒಂದು ವೆಬ್‌ಸೈಟು ಎಷ್ಟು ದಿನ ಬದುಕುತ್ತದೆ ಎಂದು ನನಗೆ ನಿಜವಾಗಿ ಗೊತ್ತಿಲ್ಲ. ಒಬ್ಬಳೇ ಕೂಗುವುದಕ್ಕಿಂತ ಇಬ್ಬರು ಕೂಗಿದರೆ ಗಂಟಲು ಕಡಿಮೆ ನೋಯುತ್ತದೆ, ಅಷ್ಟು ಗೊತ್ತು. ಒಂದೇ ಷರತ್ತು: ದಾನಿಗಳಿಗೆ ಥ್ಯಾಂಕ್ಸ್ ಕಾಗದ ಬರೆಯುವುದರಲ್ಲಿ ಅರ್ಧ ನಿನ್ನದು. ನನ್ನ ಬೆರಳು ಸವೆದಿವೆ.

ದಾನಿಗಳ ಪಟ್ಟಿಯಲ್ಲಿ ‘ಹಳೇ ದರ್ಜಿ’ ಇನ್ನೂ ಇದ್ದಾರೆ. ಅಳಿಸಲು ಕೂತೆ, ಕೈ ಬರಲಿಲ್ಲ.

ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೋ. ದರ್ಜಿಗೆ ಹೇಳಬೇಕೆಂದಿದ್ದೆ.

ಬಾಬಿನ್

ಜುಲೈ ೨೦

ಬಾಬಿನ್‌ಗೆ,

ಚಿತ್ರ ಕಳಿಸು. ಜಾಗ ಹಾಗೇ ಇದೆ. ನೀನು ಕಿತ್ತುಕೊಂಡು ಹೋದ ಜಾಗದಲ್ಲೆಲ್ಲ ಏನೋ ತಂದು ತುಂಬಿದೆ, ಯಾವುದೂ ಕೂರಲಿಲ್ಲ.

ಏಳು ತುಂಡು ಒಂದು ಮಾಡಲು ಶುರು ಮಾಡಿದ್ದೇನೆ. ‘ಮಟಾಷ್’ ತೆಗೆದೆ. ಮೊದಲ ಥ್ಯಾಂಕ್ಸ್ ಕಾಗದವನ್ನು ನಮ್ಮ ಬಸ್ಸಿನ ಟೀಚರಮ್ಮನಿಗೇ ಬರೆದು, ಪಕ್ಕದಲ್ಲೇ ಕೂತಿದ್ದವರ ಕೈಗೆ ಕೊಟ್ಟೆ. ಓದಿ, “ಅಯ್ಯೋ, ಆ ಹುಡುಗಿ ನಿಮ್ಮ ತಂಗಿಯೇನ್ರೀ! ಹೇಳಲೇ ಇಲ್ಲ?” ಅಂದರು. “ಹೊಟ್ಟೆಕಿಚ್ಚು ಇತ್ತು, ಹೇಳಲಿಲ್ಲ” ಅಂದೆ. ಅವರು ತಮಾಷೆ ಎಂದುಕೊಂಡು ನಕ್ಕರು.

ಬ್ಯಾಗು ಹಿಡಿದ ವಿಷಯವನ್ನು ಮತ್ತೆ ಮತ್ತೆ ಓದಿದೆ. ಅಪ್ಪ ಗೊಣಗುತ್ತಿದ್ದದ್ದೆಲ್ಲ ನನಗೆ ನೆನಪಿದೆ. ಬರೆಯದೇ ಬಿಟ್ಟದ್ದೂ ಬೇಕಾದಷ್ಟಿದೆ. ಅದೆಲ್ಲ ನಿನಗೆ ಹೇಳುತ್ತೇನೆ, ಮೊದಲು ನಿನಗೆ, ಆಮೇಲೆ ಓದುಗರಿಗೆ.

ಒಂದು ತಕರಾರಿದೆ. ನಿನ್ನ ಕಾಗದ ನಾಲ್ಕು ಪುಟ. ಎರಡು ಸಲ ಎಣಿಸಿದೆ. ಹಳೇ ದರ್ಜಿಗೆ ಐದು ಬರೆದಿದ್ದೆ. ಆ ಮುದುಕನಿಗಿಂತ ನನಗೆ ಒಂದು ಪುಟ ಕಡಿಮೆ ಯಾಕೆ?

ಉಳಿದ ಒಂದು ಪುಟವನ್ನು ಅಂಚೆಗೆ ಹಾಕಬೇಡ. ನೀನೇ ತೆಗೆದುಕೊಂಡು ಬಾ. ಬೆಳಗ್ಗೆ ಏಳರಿಂದ ಏಳೂವರೆಗೆ ನಮ್ಮಲ್ಲಿಗೆ ಈಗ ಯಾರೂ ಬರುವುದಿಲ್ಲ. ಎರಡು ಲೋಟ ಟೀ ಇಟ್ಟಿರುತ್ತೇನೆ.

ನಿನ್ನ ಅಕ್ಕ